ಎಂಜಿನ್ ಆಯಿಲಿನಲ್ಲಿ ಗಾಳಿ: ಎಲ್ಲಿಂದ ಬರುತ್ತದೆ, ಏಕೆ ಹೊರಗೆ ಹೋಗುವುದಿಲ್ಲ

ಕಳೆದ ಬೇಸಿಗೆಯಲ್ಲಿ ಚಿತ್ರದುರ್ಗದಿಂದ ದಾವಣಗೆರೆಗೆ ಮರಳುವಾಗ, ಭರಮಸಾಗರ ದಾಟಿ ಆನಗೋಡು ಇನ್ನೇನು ಬಂತು ಎನ್ನುವಷ್ಟರಲ್ಲಿ, ನನ್ನ ಕಾರಿನ ಎಂಜಿನ್ನಿನ ಮೇಲ್ಭಾಗದಿಂದ ಹೊಲಿಗೆ ಯಂತ್ರ ಓಡಿದಂಥ ಸದ್ದು ಕೇಳತೊಡಗಿತು. ಆಯಿಲ್ ಒತ್ತಡದ ಕೆಂಪು ದೀಪ ಹತ್ತಿರಲಿಲ್ಲ, ಬಿಸಿಯ ಮುಳ್ಳು ತನ್ನ ಜಾಗ ಬಿಟ್ಟಿರಲಿಲ್ಲ. ಹೆದ್ದಾರಿಯ ಅಂಚಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ಗೇಜ್ ಕಡ್ಡಿಯನ್ನು ಎಳೆದು ನೋಡಿದೆ. ಆಯಿಲ್ ಕಡಿಮೆಯಾಗಿರಲಿಲ್ಲ, ಮೇಲಿನ ಗುರುತನ್ನು ದಾಟಿ ಒಂದು ಬೆರಳಗಲಕ್ಕಿಂತಲೂ ಮೇಲೇರಿತ್ತು. ಆದರೆ ಎರಡು ದಿನಗಳ ಹಿಂದೆ ಜೇನಿನಂತೆ ತಿಳಿಯಾಗಿದ್ದ ಆಯಿಲ್ ಈಗ ಮಸುಕಾಗಿತ್ತು, ಕಡ್ಡಿಯ ಮೈತುಂಬ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಅಂಟಿಕೊಂಡಿದ್ದವು.

ತಪ್ಪು ಯಾರದೆಂದು ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಮೂರೂವರೆ ಲೀಟರ್ ಹಿಡಿಯುವ ಎಂಜಿನ್ನಿಗೆ ಐದು ಲೀಟರಿನ ಡಬ್ಬಿಯನ್ನು ಕೊಂಡುಹೋದವನು ನಾನೇ. ಆಯಿಲ್ ಬದಲಿಸುತ್ತಿದ್ದ ಹುಡುಗ ಡಬ್ಬಿಯನ್ನು ಅಲುಗಿಸಿ, "ಉಳಿದಿದ್ದು ಹಾಕಿಬಿಡ್ಲಾ ಸಾರ್" ಎಂದು ಕೇಳಿದಾಗ ತಲೆಯಾಡಿಸಿದವನೂ ನಾನೇ. ಆಯಿಲ್ ಕಡಿಮೆಯಾದರೆ ಎಂಜಿನ್ ಕೆಡುತ್ತದೆ ಎಂಬುದು ಕಾರು ಇಟ್ಟುಕೊಂಡವರೆಲ್ಲರಿಗೂ ತಿಳಿದ ಮಾತು. ಹೆಚ್ಚಾದಾಗಲೂ ಎಂಜಿನ್ ಹೆಚ್ಚು ಕಡಿಮೆ ಅದೇ ರೀತಿ ನರಳುತ್ತದೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಎರಡೂ ಸಂದರ್ಭಗಳಲ್ಲಿ ಬೇರಿಂಗುಗಳಿಗೆ ಆಯಿಲ್ ಹೋಗಬೇಕಾದ ಕಡೆ ಆಯಿಲಿನ ಜೊತೆ ಗಾಳಿಯೂ ಹೋಗುತ್ತಿರುತ್ತದೆ.

ಇಲ್ಲಿ ಒಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ನಮ್ಮ ಕಡೆ ಟ್ರ್ಯಾಕ್ಟರ್, ಲಾರಿ ಓಡಿಸುವವರು "ಏರ್ ಹಿಡಿದಿದೆ" ಎಂದಾಗ ಅವರು ಹೇಳುವುದು ಡೀಸೆಲ್ ಕೊಳವೆಯಲ್ಲಿ ಸೇರಿಕೊಂಡ ಗಾಳಿಯ ವಿಷಯ. ಅದನ್ನು ತೆಗೆಯಲು ಕೈಪಂಪು ಇರುತ್ತದೆ, ಸಡಿಲಿಸುವ ಸ್ಕ್ರೂ ಇರುತ್ತದೆ. ನೊರೆ ನಿಂತು ಡೀಸೆಲ್ ಒಂದೇ ಧಾರೆಯಾಗಿ ಬರುವವರೆಗೂ ಪಂಪು ಒತ್ತಿದರೆ ಕೆಲಸ ಮುಗಿಯಿತು. ಎಂಜಿನ್ ಆಯಿಲಿನ ವ್ಯವಸ್ಥೆಯಲ್ಲಿ ಅಂಥ ಸ್ಕ್ರೂ ಇಲ್ಲ, ಅದರ ಅಗತ್ಯವೂ ಇಲ್ಲ. ಎಂಜಿನ್ನಿನ ತಳದ ತೊಟ್ಟಿಯಲ್ಲಿ, ಅಂದರೆ ಚೇಂಬರಿನಲ್ಲಿ, ಇರುವ ಆಯಿಲನ್ನು ಪಂಪು ಜಾಲರಿಯ ಮೂಲಕ ಹೀರಿ, ಫಿಲ್ಟರಿಗೆ ತಳ್ಳಿ, ಅಲ್ಲಿಂದ ಎಂಜಿನ್ ಬ್ಲಾಕಿನ ಮುಖ್ಯ ನಾಳಕ್ಕೂ, ಅದರಿಂದ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿನ ಬೇರಿಂಗುಗಳು, ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್, ಟ್ಯಾಪೆಟ್, ಟರ್ಬೊ ಇದ್ದರೆ ಅದರ ಬೇರಿಂಗುಗಳಿಗೂ ಕಳಿಸುತ್ತದೆ. ಕೆಲಸ ಮುಗಿಸಿದ ಆಯಿಲ್ ತನ್ನಷ್ಟಕ್ಕೆ ಇಳಿದು ಮತ್ತೆ ಚೇಂಬರಿಗೆ ಬೀಳುತ್ತದೆ. ದಾರಿಯಲ್ಲಿ ಸೇರಿಕೊಂಡ ಗಾಳಿ ಬಿಟ್ಟುಹೋಗಬೇಕಾದದ್ದು ಈ ಚೇಂಬರಿನಲ್ಲೇ. ಆದ್ದರಿಂದ ಆಯಿಲಿನಲ್ಲಿ ಗುಳ್ಳೆ ಕಂಡಾಗ ಎರಡು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ: ಗಾಳಿ ಎಲ್ಲಿಂದ ಒಳಗೆ ಬರುತ್ತಿದೆ, ಬಂದ ಗಾಳಿಗೆ ಹೊರಗೆ ಹೋಗಲು ಸಮಯ ಏಕೆ ಸಿಗುತ್ತಿಲ್ಲ? ರಿಪೇರಿಗಳು ದಾರಿ ತಪ್ಪುವುದು ಬಹುಮಟ್ಟಿಗೆ ಈ ಎರಡನ್ನೂ ಕೇಳದೆ ನೇರವಾಗಿ ಪಂಪು ಬದಲಿಸಲು ಹೊರಟಾಗ.

ಗಾಳಿಯ ಮೂರು ರೂಪಗಳು

ಆಯಿಲಿನಲ್ಲಿ ಗಾಳಿ ಇರುವುದೇ ಒಂದು ದೋಷವಲ್ಲ. ಡಬ್ಬಿಯಲ್ಲಿ ಸುಮ್ಮನೆ ನಿಂತ ಹೊಸ ಆಯಿಲಿನಲ್ಲಿಯೂ ಅದರ ಗಾತ್ರದ ಶೇಕಡ 8ರಿಂದ 10ರಷ್ಟು ಗಾಳಿ ಕರಗಿರುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆಯುವವರೆಗೂ ಅದರೊಳಗಿನ ಅನಿಲ ಕಾಣದಂತೆ ಈ ಗಾಳಿಯೂ ಕಾಣುವುದಿಲ್ಲ, ಕರಗಿರುವಷ್ಟು ಹೊತ್ತು ಯಾರಿಗೂ ತೊಂದರೆ ಕೊಡುವುದಿಲ್ಲ. ದ್ರವದಲ್ಲಿ ಎಷ್ಟು ಅನಿಲ ಕರಗಿರಬಲ್ಲದು ಎಂಬುದು ಅದರ ಮೇಲಿನ ಒತ್ತಡಕ್ಕೆ ಅನುಗುಣವಾಗಿರುತ್ತದೆ ಎಂದು ವಿಲಿಯಂ ಹೆನ್ರಿ 1803ರಲ್ಲಿ ತೋರಿಸಿಕೊಟ್ಟ. ಒತ್ತಡ ಇಳಿದ ಜಾಗದಲ್ಲಿ ಈ ಗಾಳಿ ಗುಳ್ಳೆಯಾಗಿ ಹೊರಬೀಳುತ್ತದೆ ಎಂಬ ಸಂಗತಿ ಮುಂದೆ ಪಂಪಿನ ಬಾಯಿಗೆ ಬಂದಾಗ ನಮಗೆ ಬೇಕಾಗುತ್ತದೆ.

ಎರಡನೆಯದು ಆಯಿಲಿನ ಮೇಲೆ ತೇಲುವ ನೊರೆ. ನೋಡಲು ಗಾಬರಿ ಹುಟ್ಟಿಸಿದರೂ, ತೆಳುವಾಗಿದ್ದು ಬೇಗ ಒಡೆಯುವುದಾದರೆ ಅದರಿಂದ ಆಗುವ ಹಾನಿ ಕಡಿಮೆ, ಏಕೆಂದರೆ ಪಂಪಿನ ಜಾಲರಿ ಇರುವುದು ಚೇಂಬರಿನ ತಳದಲ್ಲಿ. ಮೂರನೆಯದು ಆಯಿಲಿನ ಒಡಲೊಳಗೇ ಚದುರಿ, ಅದರ ಜೊತೆಗೇ ತಿರುಗುವ ಸಣ್ಣ ಗುಳ್ಳೆಗಳು. ನಿಜವಾದ ತೊಂದರೆ ಇರುವುದು ಇವುಗಳಲ್ಲಿ.

ಸಣ್ಣವು ಏಕೆ ಅಪಾಯಕಾರಿ ಎಂಬುದನ್ನು ಒಂದು ಚಿಕ್ಕ ಲೆಕ್ಕದಿಂದ ತಿಳಿಯಬಹುದು. ದ್ರವದಲ್ಲಿ ಸಣ್ಣ ಗುಳ್ಳೆ ಮೇಲೇರುವ ವೇಗ ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ, ದ್ರವ ದಪ್ಪವಾದಷ್ಟೂ ಆ ವೇಗ ಇಳಿಯುತ್ತದೆ. ಇದು 1851ರಲ್ಲಿ ಜಾರ್ಜ್ ಸ್ಟೋಕ್ಸ್ ಕೊಟ್ಟ ಸೂತ್ರ. 100 ಡಿಗ್ರಿ ಸೆಲ್ಸಿಯಸ್‌ಗೆ ಕಾದ, ಸುಮಾರು 10 ಸೆಂಟಿಸ್ಟೋಕ್ಸ್ ದಪ್ಪದ ಆಯಿಲಿನಲ್ಲಿ ಒಂದು ಮಿಲಿಮೀಟರಿನ ಗುಳ್ಳೆ ಸೆಕೆಂಡಿಗೆ ಕೆಲವು ಸೆಂಟಿಮೀಟರ್ ಮೇಲೇರುತ್ತದೆ, ಅಂದರೆ ಹತ್ತು ಸೆಂಟಿಮೀಟರ್ ಆಳದಿಂದ ಎರಡು ಮೂರು ಸೆಕೆಂಡಿನಲ್ಲಿ ಮೇಲೆ ಬಂದು ಒಡೆಯುತ್ತದೆ. ಅದರ ಹತ್ತನೇ ಒಂದರಷ್ಟು ವ್ಯಾಸದ ಗುಳ್ಳೆ ಸೆಕೆಂಡಿಗೆ ಏರುವುದು ಅರ್ಧ ಮಿಲಿಮೀಟರ್ ಮಾತ್ರ. ಅದೇ ಹತ್ತು ಸೆಂಟಿಮೀಟರಿಗೆ ಅದಕ್ಕೆ ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು. ಈಗ ಚೇಂಬರಿನಲ್ಲಿ ನಾಲ್ಕು ಲೀಟರ್ ಆಯಿಲ್ ಇದೆ, ಪಂಪು ನಿಮಿಷಕ್ಕೆ ಇಪ್ಪತ್ತನಾಲ್ಕು ಲೀಟರ್ ತಳ್ಳುತ್ತಿದೆ ಎಂದಿಟ್ಟುಕೊಳ್ಳಿ. ಕೆಳಗಿಳಿದ ಆಯಿಲಿಗೆ ಮತ್ತೆ ಪಂಪಿನ ಬಾಯಿಗೆ ಹೋಗುವ ಮೊದಲು ಸಿಗುವ ವಿಶ್ರಾಂತಿ ಸರಾಸರಿ ಹತ್ತು ಸೆಕೆಂಡು. ದೊಡ್ಡ ಗುಳ್ಳೆ ಆ ಹತ್ತು ಸೆಕೆಂಡಿನಲ್ಲಿ ಪಾರಾಗುತ್ತದೆ. ಸಣ್ಣದು ಪಾರಾಗುವ ಮೊದಲೇ ಪಂಪು ಅದನ್ನು ಮತ್ತೆ ನುಂಗುತ್ತದೆ, ಹಲ್ಲುಗಳ ನಡುವೆ ಜಜ್ಜಿ ಇನ್ನೂ ಸಣ್ಣದಾಗಿಸುತ್ತದೆ. ಒಮ್ಮೆ ಈ ಸುತ್ತು ಆರಂಭವಾದರೆ ಎಂಜಿನ್ ಓಡುತ್ತಿರುವಾಗ ಅದು ತನ್ನಷ್ಟಕ್ಕೆ ಸರಿಯಾಗುವುದು ಕಷ್ಟ. ಬೆಳಗಿನ ತಣ್ಣನೆಯ ಆಯಿಲ್ ಬಿಸಿ ಆಯಿಲಿಗಿಂತ ಹಲವು ಪಟ್ಟು ದಪ್ಪವಾಗಿರುವುದರಿಂದ ಆಗ ಗುಳ್ಳೆ ಬಿಡುವುದು ಇನ್ನೂ ನಿಧಾನ.

ಗುಳ್ಳೆ ಬೇರಿಂಗಿಗೆ ತಲುಪಿದರೆ ಏನಾಗುತ್ತದೆ? ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಇರುವ ಆಯಿಲಿನ ಪೊರೆ, ಭಾರ ಹೆಚ್ಚಾಗಿ ಬೀಳುವ ಕಡೆ, ಕೆಲವೇ ಮೈಕ್ರಾನ್ ದಪ್ಪ. ತಲೆಗೂದಲು ಅದರ ಹತ್ತಾರು ಪಟ್ಟು ದಪ್ಪವಾಗಿರುತ್ತದೆ. ತಿರುಗುವ ಕ್ರ್ಯಾಂಕ್ ಆಯಿಲನ್ನು ಸಂದಿನೊಳಗೆ ಎಳೆದು ಹುಟ್ಟಿಸುವ ಒತ್ತಡದಿಂದ ಆ ಪೊರೆ ಭಾರ ಹೊರುತ್ತದೆ, ಹಿಂಡಿದರೂ ದ್ರವ ಕುಗ್ಗದಿರುವುದು ಅದಕ್ಕೆ ಬೇಕು. ಗಾಳಿ ಕುಗ್ಗುತ್ತದೆ, ಕುಗ್ಗಿದ ಕಡೆ ಲೋಹಕ್ಕೆ ಲೋಹ ಹತ್ತಿರವಾಗುತ್ತದೆ. ನನ್ನ ಕಾರಿನಲ್ಲಿ ಮೊದಲು ಸದ್ದು ಮಾಡಿದ ಹೈಡ್ರಾಲಿಕ್ ಟ್ಯಾಪೆಟ್ಟುಗಳ ಕಥೆಯೂ ಅದೇ. ಒಳಗೆ ಸೆರೆಯಾದ ಆಯಿಲ್ ಗಟ್ಟಿ ಕಂಬದಂತೆ ನಿಂತು ವಾಲ್ವಿನ ಸಂದನ್ನು ಶೂನ್ಯವಾಗಿಡಬೇಕು. ಆ ಕಂಬದೊಳಗೆ ಗುಳ್ಳೆ ಸೇರಿದರೆ ಅದು ಸ್ಪ್ರಿಂಗಿನಂತೆ ಒತ್ತಿಕೊಳ್ಳುತ್ತದೆ, ಸಂದು ಬಿಡುತ್ತದೆ, ಟಿಕ್ ಟಿಕ್ ಎನ್ನುತ್ತದೆ. ಒಂದು ರೀತಿಯಲ್ಲಿ ಈ ಟ್ಯಾಪೆಟ್ಟುಗಳು ಎಂಜಿನ್ನಿನ ಕಾವಲುಗಾರರು, ಬೇರಿಂಗು ನೋಯುವ ಮೊದಲೇ ಅವು ಕೂಗುತ್ತವೆ. ಟೈಮಿಂಗ್ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್, ವಾಲ್ವಿನ ಸಮಯ ಬದಲಿಸುವ ಸಾಧನ ಇವೂ ಆಯಿಲಿನ ಒತ್ತಡದಿಂದಲೇ ಕೆಲಸ ಮಾಡುವುದರಿಂದ ಇವುಗಳಲ್ಲಿಯೂ ಸದ್ದು, ತಡವರಿಕೆ ಕಾಣಿಸಿಕೊಳ್ಳಬಹುದು. ಇದರ ಜೊತೆಗೆ ಗಾಳಿ ಬೆರೆತ ಆಯಿಲ್ ಶಾಖವನ್ನು ಹೊತ್ತೊಯ್ಯುವುದೂ ಕಡಿಮೆ, ಬಿಸಿಯಲ್ಲಿ ಆಮ್ಲಜನಕದೊಡನೆ ಬೆರೆತು ಬೇಗ ಕಪ್ಪಾಗುವುದೂ ಹೆಚ್ಚು.

ಕಡೆಗೋಲು ಮತ್ತು ಹೀರುಗೊಳವೆ

ಗಾಳಿ ಒಳಗೆ ಬರುವ ದಾರಿಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಕಡೆತ. ಮೊಸರಿನ ಗಡಿಗೆಯಲ್ಲಿ ಕಡೆಗೋಲು ಎಷ್ಟು ಮುಳುಗಿದೆ ಎಂಬುದರ ಮೇಲೆ ನೊರೆ ಎಷ್ಟು ಏಳುತ್ತದೆ ಎಂಬುದನ್ನು ನಮ್ಮ ಮನೆಯ ಹೆಂಗಸರು ಬಲ್ಲರು. ಬೆಣ್ಣೆಗೆ ಹೆಸರಾದ ದಾವಣಗೆರೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಂಜಿನ್ನಿನಲ್ಲಿ ಕಡೆಗೋಲು ಎಂದರೆ ಕ್ರ್ಯಾಂಕಿನ ತೂಕದ ಗುಂಡುಗಳು. ನಿಮಿಷಕ್ಕೆ 3000 ಸುತ್ತಿನಲ್ಲಿ ಅವು ಸೆಕೆಂಡಿಗೆ ಐವತ್ತು ಸಲ ತಿರುಗುತ್ತವೆ. ಆಯಿಲಿನ ಮಟ್ಟ ಮೇಲಿನ ಗುರುತಿನ ಒಳಗಿದ್ದರೆ ಅವು ಆಯಿಲನ್ನು ಮುಟ್ಟದೆ ಗಾಳಿಯಲ್ಲಿ ತಿರುಗುತ್ತವೆ. ಮಟ್ಟ ಹೆಚ್ಚಿದರೆ ಪ್ರತಿ ಸುತ್ತಿನಲ್ಲೂ ಆಯಿಲಿಗೆ ಬಡಿದು ಗಾಳಿಯನ್ನು ಒಳಗೆ ತುರುಕುತ್ತವೆ. ಈ ಬಡಿತದಿಂದ ಎಂಜಿನ್ ಸ್ವಲ್ಪ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಬಹಳಷ್ಟು ಎಂಜಿನ್ನುಗಳಲ್ಲಿ ಕ್ರ್ಯಾಂಕಿಗೂ ಆಯಿಲಿಗೂ ನಡುವೆ ಒಂದು ತಗಡಿನ ಅಡ್ಡಪಟ್ಟಿ ಇರುವುದು ಇದನ್ನು ತಡೆಯಲಿಕ್ಕಾಗಿಯೇ. ಚೇಂಬರ್ ಬಿಚ್ಚಿ ಜೋಡಿಸುವಾಗ "ಇದೊಂದು ತಗಡು, ಇಲ್ಲದಿದ್ದರೂ ನಡೆಯುತ್ತದೆ" ಎಂದು ಅದನ್ನು ಪಕ್ಕಕ್ಕಿಟ್ಟವರು ಇಲ್ಲದಿಲ್ಲ.

ಆಯಿಲ್ ಹಾಕಿದವರು ಹೆಚ್ಚು ಹಾಕದಿದ್ದರೂ ಮಟ್ಟ ತಾನಾಗಿ ಏರಬಹುದು ಎಂಬುದನ್ನು ಡೀಸೆಲ್ ಕಾರಿನವರು ವಿಶೇಷವಾಗಿ ಗಮನಿಸಬೇಕು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ಹೊಗೆ ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇರುತ್ತದೆ. ಅದು ತುಂಬಿದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಮಸಿಯನ್ನು ಸುಡುತ್ತದೆ. ಕಾರು ವಿದ್ಯಾನಗರದಿಂದ ಮಂಡಿಪೇಟೆಗೆ, ಮಂಡಿಪೇಟೆಯಿಂದ ಮನೆಗೆ ಎಂದಷ್ಟೇ ಓಡಾಡುತ್ತಿದ್ದರೆ ಈ ಸುಡುವಿಕೆ ಅರ್ಧಕ್ಕೇ ನಿಂತು ಮತ್ತೆ ಮತ್ತೆ ಆರಂಭವಾಗುತ್ತದೆ, ಸುಡದೆ ಉಳಿದ ಡೀಸೆಲಿನಲ್ಲಿ ಒಂದಿಷ್ಟು ಪಿಸ್ಟನ್ ರಿಂಗುಗಳನ್ನು ದಾಟಿ ಚೇಂಬರಿಗೆ ಇಳಿಯುತ್ತದೆ. ಮಟ್ಟ ಏರುತ್ತದೆ, ಆಯಿಲ್ ತೆಳುವಾಗುತ್ತದೆ. "ನಮ್ಮ ಗಾಡಿ ಆಯಿಲ್ ತಿನ್ನುವುದೇ ಇಲ್ಲ, ಬದಲಿಗೆ ಹೆಚ್ಚುತ್ತದೆ" ಎಂದು ಸಂತೋಷಪಡುವವರನ್ನು ನಾನು ಕಂಡಿದ್ದೇನೆ. ಅದು ಸಂತೋಷಪಡುವ ಸಂಗತಿಯಲ್ಲ.

ಎರಡನೆಯ ದಾರಿಯನ್ನು ಅರ್ಥಮಾಡಿಕೊಳ್ಳಲು ಹಳ್ಳಕ್ಕೋ ತೆರೆದ ಬಾವಿಗೋ ಪಂಪ್‌ಸೆಟ್ ಇಟ್ಟು ನೀರೆತ್ತಿದ ರೈತನನ್ನು ಕೇಳಬೇಕು. ನೀರು ತಳ್ಳುವ ಕೊಳವೆಯಲ್ಲಿ ತೂತು ಬಿದ್ದರೆ ನೀರು ಚಿಮ್ಮುತ್ತದೆ, ಯಾರಿಗಾದರೂ ಕಾಣುತ್ತದೆ. ಹೀರುವ ಕೊಳವೆಯ ಜಾಯಿಂಟು ಸಡಿಲವಾದರೆ ಒಂದು ಹನಿಯೂ ಸೋರುವುದಿಲ್ಲ. ಪಂಪು ಗಾಳಿ ಎಳೆಯುತ್ತದೆ, ತುದಿಯಲ್ಲಿ ನೀರು ಉಗುಳುಗುಳಿಕೊಂಡು ಬರುತ್ತದೆ. ಅದಕ್ಕೇ ಅವರು ಹೀರುಗೊಳವೆಯ ಜಾಯಿಂಟಿಗೆ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತುವುದು. ಎಂಜಿನ್ನಿನ ಆಯಿಲ್ ಪಂಪಿಗೂ ಜಾಲರಿಗೂ ನಡುವೆ ಇಂಥದೇ ಒಂದು ಹೀರುಗೊಳವೆ ಇದೆ. ಅದು ಪಂಪಿಗೆ ಕೂಡುವಲ್ಲಿ ರಬ್ಬರಿನ ಒಂದು ಓ ರಿಂಗ್ ಅಥವಾ ತೆಳುವಾದ ಗ್ಯಾಸ್ಕೆಟ್ ಇರುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ರಬ್ಬರು ಗಟ್ಟಿಯಾಗಿ ಚಪ್ಪಟೆಯಾದಾಗ, ಹಿಂದೆ ಯಾರೋ ಅದನ್ನು ತಿರುಚಿ ಕೂರಿಸಿದ್ದಾಗ ಅಥವಾ ಕೊಳವೆಯ ಬೆಸುಗೆಯಲ್ಲಿ ಸಣ್ಣ ಬಿರುಕು ಬಿಟ್ಟಾಗ, ಆ ಜಾಗ ಆಯಿಲಿನ ಮಟ್ಟಕ್ಕಿಂತ ಮೇಲಿದ್ದರೆ, ಪಂಪು ಆಯಿಲಿನ ಜೊತೆ ಗಾಳಿಯನ್ನೂ ಹೀರುತ್ತದೆ. ನೆಲದ ಮೇಲೆ ಒಂದು ಹನಿ ಬೀಳುವುದಿಲ್ಲ, ಗೇಜ್ ಕಡ್ಡಿ ಸರಿಯಾದ ಮಟ್ಟವನ್ನೇ ತೋರಿಸುತ್ತದೆ. ಹುಡುಕಲು ತೀರ ತ್ರಾಸು ಕೊಡುವ ದೋಷ ಇದು.

ಆಯಿಲ್ ತೀರ ಕಡಿಮೆಯಾದಾಗ ಆಗುವುದೂ ಇದೇ, ಆದರೆ ಬಿಟ್ಟುಬಿಟ್ಟು. ತಿರುವಿನಲ್ಲಿ, ಜೋರು ಬ್ರೇಕಿನಲ್ಲಿ, ಘಟ್ಟದ ಏರಿನಲ್ಲಿ ಆಯಿಲ್ ಒಂದು ಬದಿಗೆ ಸರಿದಾಗ ಜಾಲರಿಯ ಬಾಯಿ ತೆರೆದುಕೊಂಡು ಒಂದು ಗುಟುಕು ಗಾಳಿ ಕುಡಿಯುತ್ತದೆ. ನಮ್ಮ ಊರುಗಳ ರಸ್ತೆ ಉಬ್ಬುಗಳು ಇದಕ್ಕೆ ತಮ್ಮದೂ ಒಂದು ಕಾಣಿಕೆ ಕೊಡುತ್ತವೆ. ಉಬ್ಬಿಗೆ ತಗುಲಿ ಚೇಂಬರಿನ ತಳ ಒಳಗೆ ಗುಳಿಬಿದ್ದರೆ ಜಾಲರಿಗೂ ತಳಕ್ಕೂ ನಡುವಿನ ಸಂದು ಕಿರಿದಾಗುತ್ತದೆ. ಆಯಿಲ್ ಸೋರದಿದ್ದರೆ "ಏನೂ ಆಗಿಲ್ಲ" ಎಂದು ಮುಂದೆ ಹೋಗುತ್ತೇವೆ. ಪಂಪು ಮಾತ್ರ ಅಂದಿನಿಂದ ಅರ್ಧ ಮುಚ್ಚಿದ ಬಾಯಲ್ಲಿ ಉಸಿರಾಡುತ್ತಿರುತ್ತದೆ.

ಮುಚ್ಚಿದ ಬಾಯಿ ಎಂದಾಗ ಕರಗಿದ ಗಾಳಿಯ ಮಾತು ಮತ್ತೆ ಬರುತ್ತದೆ. ಜಾಲರಿಯಲ್ಲಿ ಕೊಳೆ, ಗಟ್ಟಿಯಾದ ಆಯಿಲಿನ ಗಸಿ, ಅಥವಾ ಚೇಂಬರ್ ಜೋಡಿಸುವಾಗ ಧಾರಾಳವಾಗಿ ಬಳಿದ ಸಿಲಿಕೋನ್ ಗಮ್ಮಿನ ಚೂರುಗಳು ಸಿಕ್ಕಿಕೊಂಡರೆ, ಪಂಪು ಎಳೆಯುವ ಬಲಕ್ಕೆ ತಕ್ಕಷ್ಟು ಆಯಿಲ್ ಬಾರದೆ ಅದರ ಬಾಯಲ್ಲಿ ಒತ್ತಡ ವಾತಾವರಣಕ್ಕಿಂತ ಬಹಳ ಕೆಳಗಿಳಿಯುತ್ತದೆ. ಆಗ ಹೊರಗಿನ ಗಾಳಿ ಒಂದಿಷ್ಟೂ ಬರದಿದ್ದರೂ ಆಯಿಲಿನಲ್ಲಿ ಕರಗಿದ್ದ ಗಾಳಿಯೇ ಗುಳ್ಳೆಯಾಗಿ ಹೊರಬೀಳುತ್ತದೆ, ಪಂಪಿನ ಆಚೆಯ ಬದಿಯಲ್ಲಿ ಒತ್ತಡ ಏರಿದಾಗ ಆ ಗುಳ್ಳೆಗಳು ಜಜ್ಜಿಹೋಗುತ್ತವೆ. ಪಂಪು ಕುಂಯ್ ಎಂದು ಸದ್ದು ಮಾಡುತ್ತದೆ, ದೀರ್ಘಕಾಲ ನಡೆದರೆ ಅದರ ಲೋಹದ ಮೈ ತರಚಿಹೋಗುತ್ತದೆ. ತಣ್ಣನೆಯ ಬೆಳಗಿನಲ್ಲಿ ಹೆಚ್ಚು, ಬಿಸಿಯಾದ ಮೇಲೆ ಕಡಿಮೆ ಎನ್ನುವ ಸದ್ದಾದರೆ ಈ ಕಡೆ ಅನುಮಾನ ಹೋಗಬೇಕು.

ಉಳಿದ ಕಾರಣಗಳನ್ನು ಬೇಗ ಮುಗಿಸಬಹುದು. ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಸೋರಿ ರೇಡಿಯೇಟರಿನ ನೀರು ಆಯಿಲಿಗೆ ಸೇರಿದರೆ ಅದು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಗುಳ್ಳೆಗಳು ಒಡೆಯುವುದೂ ನಿಧಾನವಾಗುತ್ತದೆ. ಚಳಿಗಾಲದಲ್ಲಿ ಚಿಕ್ಕ ಓಡಾಟದ ಕಾರಿನ ಆಯಿಲ್ ಮುಚ್ಚಳದ ಒಳಗೆ ಮಾತ್ರ ಕಾಣುವ ಹಳದಿ ಲೇಪ ಬೇರೆ. ಅದು ಒಳಗಿನ ಆವಿ ತಣಿದು ಕೂತದ್ದು, ಒಂದು ದೂರದ ಪ್ರಯಾಣ ಮಾಡಿದರೆ ಬಹುಮಟ್ಟಿಗೆ ಹೋಗುತ್ತದೆ. ಬೇರೆ ಬೇರೆ ಬಗೆಯ ಆಯಿಲುಗಳನ್ನು ಬೆರೆಸಿದಾಗ, ಎಂಜಿನ್ ತೊಳೆಯಲೆಂದು ಹಾಕಿದ ದ್ರವ ಪೂರ್ತಿ ಇಳಿಯದಿದ್ದಾಗ, ಆಯಿಲನ್ನು ಅದರ ಅವಧಿ ಮೀರಿ ಓಡಿಸಿದಾಗ ನೊರೆ ತಡೆಯುವ ಗುಣ ಕುಂದುತ್ತದೆ.

ಹುಡುಕುವ ಕ್ರಮ

ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ, ಬಿಚ್ಚಬೇಕಾದ ಕೆಲಸವನ್ನು ಕೊನೆಗಿಡಬೇಕು. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿದ ಕೂಡಲೇ ಒಮ್ಮೆ ಗೇಜ್ ಕಡ್ಡಿಯನ್ನು ಎಳೆದು ಗುಳ್ಳೆಗಳಿವೆಯೇ ಎಂದು ಮಾತ್ರ ನೋಡಿ. ಮಟ್ಟವನ್ನು ಆಗ ನಂಬಬೇಡಿ. ಹತ್ತು ನಿಮಿಷ ಬಿಟ್ಟು, ಕಡ್ಡಿಯನ್ನು ಒರೆಸಿ, ಪೂರ್ತಿ ಇಳಿಸಿ ಎತ್ತಿದಾಗ ಸಿಗುವುದು ಸರಿಯಾದ ಮಟ್ಟ. ಕಾರುಗಳಲ್ಲಿ ಎರಡು ಗುರುತುಗಳ ನಡುವಿನ ಅಂತರ ಸಾಮಾನ್ಯವಾಗಿ ಸುಮಾರು ಒಂದು ಲೀಟರ್. ಮೇಲಿನ ಗುರುತು ದಾಟಿದ್ದರೆ ಮೊದಲು ಹೆಚ್ಚಿನ ಆಯಿಲನ್ನು ತೆಗೆದು ಆಮೇಲೆ ಉಳಿದ ಯೋಚನೆ ಮಾಡಬೇಕು. ಕೆಳಗಿನ ಗುರುತಿಗಿಂತ ಇಳಿದಿದ್ದರೆ ತುಂಬಿಸಬೇಕು. ಕಡ್ಡಿಯನ್ನು ಮೂಸಿ ನೋಡುವುದರಲ್ಲಿ ಸಂಕೋಚ ಬೇಡ, ಡೀಸೆಲ್ ಅಥವಾ ಪೆಟ್ರೋಲಿನ ಘಾಟು ಬಂದರೆ ಮಟ್ಟ ಏರಿದ್ದಕ್ಕೆ ಕಾರಣ ಸಿಕ್ಕಂತೆ. ಕೆಲವರಿಗೆ ಬೇರೆ ಕಾರಿನ ಕಡ್ಡಿ ಬಂದು ಸೇರಿರುತ್ತದೆ ಎಂಬುದನ್ನೂ ಮರೆಯಬಾರದು. ಹಳೆಯ ಗಾಡಿ ಕೊಂಡವರು ಕೈಪಿಡಿಯಲ್ಲಿ ಹೇಳಿದಷ್ಟೇ ಆಯಿಲ್ ಅಳೆದು ಹಾಕಿ ಕಡ್ಡಿ ಏನು ತೋರಿಸುತ್ತದೆ ಎಂದು ಒಮ್ಮೆ ತಾಳೆ ನೋಡುವುದು ಒಳ್ಳೆಯದು.

ಆಯಿಲ್ ಮಸುಕಾಗಿದ್ದು ಅದು ಗಾಳಿಯೋ ನೀರೋ ಎಂದು ತಿಳಿಯದಿದ್ದರೆ, ಬಿಸಿ ಆಯಿಲನ್ನು ಎಚ್ಚರಿಕೆಯಿಂದ ಒಂದು ತಿಳಿ ಗಾಜಿನ ಬಾಟಲಿಗೆ ಹಿಡಿದು ಕಿಟಕಿಯ ಬೆಳಕಿಗೆ ಇಟ್ಟು ನೋಡಬೇಕು. ಗಾಳಿಯಾದರೆ ಗುಳ್ಳೆಗಳು ಮೇಲೇರುವುದರಿಂದ ಆಯಿಲ್ ತಳದಿಂದ ತಿಳಿಯಾಗುತ್ತ ಬರುತ್ತದೆ, ಹತ್ತು ಹದಿನೈದು ನಿಮಿಷಗಳಲ್ಲಿ ಬಹುಪಾಲು ಸ್ವಚ್ಛವಾಗುತ್ತದೆ. ನೀರಾದರೆ ಮಸುಕು ಹಾಗೇ ಉಳಿಯುತ್ತದೆ, ಇಲ್ಲವೇ ಗಂಟೆಗಟ್ಟಲೆ ಬಿಟ್ಟ ಮೇಲೆ ಮೇಲಿನಿಂದ ತಿಳಿಯಾಗಿ ತಳದಲ್ಲಿ ನೀರು ಕೂರುತ್ತದೆ. ಇನ್ನೂ ಅನುಮಾನವಿದ್ದರೆ ಚೆನ್ನಾಗಿ ಕಾದ ತಗಡಿನ ಮೇಲೆ ಒಂದು ಹನಿ ಬಿಟ್ಟರೆ ನೀರಿದ್ದಲ್ಲಿ ಒಗ್ಗರಣೆಯಂತೆ ಚಟಪಟ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕವಿರಲಿ, ದೋಸೆಯ ಹೆಂಚನ್ನು ಈ ಕೆಲಸಕ್ಕೆ ತೆಗೆದುಕೊಳ್ಳಬೇಡಿ.

ಮಟ್ಟವೂ ಸರಿ, ನೀರೂ ಇಲ್ಲ ಎಂದಾದರೆ ಮುಂದಿನ ಹೆಜ್ಜೆ ಒತ್ತಡ ಅಳೆಯುವುದು. ಡ್ಯಾಷ್‌ಬೋರ್ಡಿನ ಕೆಂಪು ದೀಪ ಇದಕ್ಕೆ ಸಾಕ್ಷಿಯಾಗಲಾರದು. ಒತ್ತಡ ತೀರ ಇಳಿದು ಸುಮಾರು ಅರ್ಧ ಬಾರ್ ಅಥವಾ ಅದಕ್ಕಿಂತ ಕೆಳಗೆ ಬಂದಾಗ ಮಾತ್ರ ಅದು ಹತ್ತುತ್ತದೆ. ದೀಪ ಹತ್ತಿಲ್ಲವೆಂದರೆ ಎಲ್ಲವೂ ಸರಿಯಿದೆ ಎಂದಲ್ಲ, ಪೂರ್ತಿ ಕೆಟ್ಟಿಲ್ಲ ಎಂದಷ್ಟೇ ಅರ್ಥ. ಮೆಕ್ಯಾನಿಕ್ ಆಯಿಲ್ ಪ್ರೆಷರ್ ಸ್ವಿಚ್ಚನ್ನು ಬಿಚ್ಚಿ ಆ ಜಾಗಕ್ಕೆ ಮುಳ್ಳಿನ ಗೇಜನ್ನು ಜೋಡಿಸಿ, ಎಂಜಿನ್ ಬಿಸಿಯಾದ ಮೇಲೆ ನೋಡಬೇಕು. ಎಷ್ಟಿರಬೇಕೆಂಬ ಅಂಕಿ ಆಯಾ ಎಂಜಿನ್ನಿನ ಕೈಪಿಡಿಯಲ್ಲಿರುತ್ತದೆ. ಪ್ರತಿ 1000 ಸುತ್ತಿಗೆ 10 ಪಿಎಸ್‌ಐ ಎಂಬ ಹಳೆಯ ಅಂದಾಜು ಗ್ಯಾರೇಜುಗಳಲ್ಲಿ ಚಾಲ್ತಿಯಲ್ಲಿದೆ, ಕೈಪಿಡಿ ಸಿಗದಿದ್ದರೆ ಅದು ಕೆಲಸಕ್ಕೆ ಬರುತ್ತದೆ. ಆದರೆ ಗಾಳಿಯನ್ನು ಹುಡುಕುವವನು ಅಂಕಿಗಿಂತ ಮುಳ್ಳಿನ ನಡವಳಿಕೆಯನ್ನು ನೋಡಬೇಕು. ಬೇರಿಂಗ್ ಸವೆದಿದ್ದರೆ ಅಥವಾ ಆಯಿಲ್ ತೆಳುವಾಗಿದ್ದರೆ ಮುಳ್ಳು ಕೆಳಗೆ ನಿಂತಿರುತ್ತದೆ, ಅಲುಗದೆ ನಿಂತಿರುತ್ತದೆ. ಗಾಳಿ ಬರುತ್ತಿದ್ದರೆ ಮುಳ್ಳು ನಡುಗುತ್ತದೆ, ಹಾರುತ್ತದೆ, ರೇಸ್ ಕೊಟ್ಟಾಗ ಏರಬೇಕಾದದ್ದು ಏರಿ ಕುಸಿಯುತ್ತದೆ.

ಕುಸಿಯುವ ಹೊತ್ತನ್ನೂ ಗಮನಿಸಬೇಕು. ತಿರುವಿನಲ್ಲಿ, ಬ್ರೇಕಿನಲ್ಲಿ ಕುಸಿದರೆ ಮಟ್ಟ ಕಡಿಮೆ ಅಥವಾ ಚೇಂಬರ್ ಗುಳಿಬಿದ್ದಿದೆ. ಹೆದ್ದಾರಿಯ ವೇಗದಲ್ಲಿ ಹತ್ತು ಹದಿನೈದು ನಿಮಿಷ ಓಡಿದ ಮೇಲೆ ಕುಸಿದರೆ ಕಡೆತ ಅಥವಾ ಹೀರುಗೊಳವೆ. ಬೆಳಗಿನ ಮೊದಲ ನಿಮಿಷದಲ್ಲಿ ಮಾತ್ರವಾದರೆ ಜಾಲರಿ, ಇಲ್ಲವೇ ರಾತ್ರಿ ಆಯಿಲ್ ಕೆಳಗಿಳಿಯದಂತೆ ತಡೆಯುವ ಫಿಲ್ಟರಿನ ಒಳಗಿನ ರಬ್ಬರ್ ವಾಲ್ವು. ಬಿಸಿಯಾಗಿ ಸುಮ್ಮನೆ ನಿಂತಾಗ ಮಾತ್ರ ಇಳಿಯುತ್ತದೆ ಎಂದರೆ ಬಹುಶಃ ಗಾಳಿಯ ಸಮಸ್ಯೆಯೇ ಅಲ್ಲ.

ಆಯಿಲ್ ಬದಲಿಸಿದ ಕೂಡಲೇ ಕೇಳುವ ಸದ್ದು ಇವೆಲ್ಲವುಗಳಿಂದ ಬೇರೆ. ಆಗ ಫಿಲ್ಟರೂ ನಾಳಗಳೂ ಖಾಲಿಯಿರುತ್ತವೆ. ಕೆಂಪು ದೀಪ ಕೆಲವು ಸೆಕೆಂಡುಗಳಲ್ಲಿ ಆರಿ, ಟ್ಯಾಪೆಟ್ ಸದ್ದು ಕೆಲವು ನಿಮಿಷಗಳಲ್ಲಿ ತಗ್ಗುವುದು ಸಹಜ. ಹತ್ತು ಸೆಕೆಂಡಾದರೂ ದೀಪ ಆರದಿದ್ದರೆ ಎಂಜಿನ್ ಆರಿಸಬೇಕು, ರೇಸ್ ಕೊಟ್ಟು ಆರಿಸಲು ಹೋಗಬಾರದು. ಫಿಲ್ಟರ್ ನೇರವಾಗಿ ನಿಲ್ಲುವ ಎಂಜಿನ್ನುಗಳಲ್ಲಿ ಅದಕ್ಕೆ ಮೊದಲೇ ಆಯಿಲ್ ತುಂಬಿ ಕೂರಿಸುವ ಮೆಕ್ಯಾನಿಕ್ಕುಗಳು ಈ ಕೆಲವು ಸೆಕೆಂಡುಗಳನ್ನೂ ಉಳಿಸುತ್ತಾರೆ.

ಅಂಗಡಿಯಲ್ಲಿ ಸಿಗುವ ನೊರೆನಾಶಕದ ಬಾಟಲಿಗಳ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ಬೇಡ. ಒಳ್ಳೆಯ ಆಯಿಲಿನಲ್ಲಿ ಈ ಗುಣ ಮೊದಲೇ ಇರುತ್ತದೆ. ಆಯಿಲಿನೊಳಕ್ಕೆ ಐದು ನಿಮಿಷ ಗಾಳಿ ಊದಿ, ಹತ್ತು ನಿಮಿಷ ಬಿಟ್ಟು, ಉಳಿದ ನೊರೆಯನ್ನು ಅಳೆಯುವ ಪರೀಕ್ಷೆಯನ್ನು 24 ಮತ್ತು 93.5 ಡಿಗ್ರಿಗಳಲ್ಲಿ ನಡೆಸಿದ ಮೇಲೆಯೇ ಅದು ಮಾರುಕಟ್ಟೆಗೆ ಬರುತ್ತದೆ. ಅದರಲ್ಲಿರುವ ನೊರೆನಾಶಕ ಹೆಚ್ಚಾಗಿ ಸಿಲಿಕೋನ್, ಪ್ರಮಾಣ ಹತ್ತು ಲಕ್ಷ ಭಾಗಕ್ಕೆ ಕೆಲವೇ ಭಾಗ. ಅದನ್ನು ಹೆಚ್ಚಿಸಿದರೆ ಮೇಲಿನ ನೊರೆ ಇಳಿಯಬಹುದು, ಆದರೆ ಒಡಲೊಳಗಿನ ಸಣ್ಣ ಗುಳ್ಳೆಗಳು ಹೊರಬರುವುದು ಇನ್ನೂ ನಿಧಾನವಾಗುತ್ತದೆ. ಕಾಣುವ ಲಕ್ಷಣ ಹೋಗಿ ಕಾಣದ ತೊಂದರೆ ಹೆಚ್ಚುವ ವ್ಯಾಪಾರ ಅದು.

ಹೀರುಗೊಳವೆಯ ದೋಷವನ್ನು ಚೇಂಬರ್ ಬಿಚ್ಚದೆ ಪತ್ತೆಹಚ್ಚುವ ಒಂದು ಉಪಾಯವನ್ನು ನಾನು ಕಣ್ಣಾರೆ ಕಂಡದ್ದು ದಾವಣಗೆರೆಯ ಪಿ.ಬಿ. ರಸ್ತೆಯ ಹಿಂಬದಿಯ ಒಂದು ವರ್ಕ್‌ಶಾಪಿನಲ್ಲಿ. ಲಕ್ಷ ಕಿಲೋಮೀಟರ್ ದಾಟಿದ ಪೆಟ್ರೋಲ್ ಕಾರು. ಹೆದ್ದಾರಿಗೆ ಬಂದರೆ ಟ್ಯಾಪೆಟ್ ಸದ್ದು, ಬೇರೆ ಕಡೆ ಪಂಪನ್ನು ಒಮ್ಮೆ ಬದಲಿಸಿಯೂ ಆಗಿತ್ತು. ಹುಡುಗರೆಲ್ಲ ಮೇಸ್ತ್ರಿ ಎಂದು ಕರೆಯುವ ಹಿರಿಯರು ಗೇಜ್ ಜೋಡಿಸಿದರು. ಎಂಜಿನ್ ನಿಧಾನಗತಿಯಲ್ಲಿದ್ದಾಗಲೇ ಮುಳ್ಳು ಜ್ವರ ಬಂದವನ ಕೈಯಂತೆ ನಡುಗುತ್ತಿತ್ತು. ಅವರು ಎಂಜಿನ್ ಆರಿಸಿ, ಮಟ್ಟ ಸರಿಯಿದ್ದರೂ ಮೇಲಿನಿಂದ ಒಂದು ಲೀಟರ್ ಆಯಿಲ್ ಹೆಚ್ಚುವರಿಯಾಗಿ ಸುರಿದು ಮತ್ತೆ ಸ್ಟಾರ್ಟ್ ಮಾಡಿಸಿದರು, ರೇಸ್ ಮುಟ್ಟಬೇಡ ಎಂದು ಹುಡುಗನಿಗೆ ಎರಡು ಸಲ ಹೇಳಿದರು. ಒಂದೆರಡು ನಿಮಿಷದಲ್ಲಿ ಮುಳ್ಳು ನಿಂತಿತು. ಮಟ್ಟ ಏರಿ ಜಾಯಿಂಟು ಆಯಿಲಿನಲ್ಲಿ ಮುಳುಗಿದ್ದರಿಂದ ಈಗ ಆ ಸಂದಿನಿಂದ ಪಂಪು ಗಾಳಿಯ ಬದಲು ಆಯಿಲನ್ನೇ ಹೀರುತ್ತಿತ್ತು. ಹೆಚ್ಚಿನ ಆಯಿಲ್ ಕಡೆತಕ್ಕೆ ಕಾರಣವಾಗುತ್ತದಲ್ಲ ಎಂದು ಕೇಳಿದೆ. ಅದಕ್ಕೇ ರೇಸ್ ಮುಟ್ಟಬೇಡ ಎಂದದ್ದು, ಪರೀಕ್ಷೆಯಷ್ಟೇ, ಈಗಲೇ ಇಳಿಸುತ್ತೇವೆ ಎಂದರು.

ಚೇಂಬರ್ ಇಳಿಸಿ, ಕೊಳವೆಯ ಎರಡು ಬೋಲ್ಟ್ ಬಿಚ್ಚಿದಾಗ ಅದರ ಕುತ್ತಿಗೆಯಲ್ಲಿದ್ದ ಓ ರಿಂಗ್ ತಾನಾಗಿ ಬರಲಿಲ್ಲ, ಸೂಜಿಯಿಂದ ಎಬ್ಬಿಸಬೇಕಾಯಿತು. ಹೊರಗೆ ಬಂದದ್ದರ ಒಂದು ಬದಿ ದುಂಡಾಗಿ ಉಳಿದಿರಲಿಲ್ಲ, ಒತ್ತಿ ಚಪ್ಪಟೆಯಾಗಿತ್ತು. ಮೇಸ್ತ್ರಿಯವರು ಅದನ್ನು ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿದರು. ಪಟ್ ಎಂದು ಮುರಿಯಿತು. "ನೋಡ್ರಿ, ಇದು ರಬ್ಬರಲ್ಲ, ಬಳಿ ಆಗೇತಿ" ಎಂದು ಚೂರುಗಳನ್ನು ನನ್ನ ಅಂಗೈಗೆ ಹಾಕಿದರು. ಹೊಸ ರಿಂಗಿಗೆ ಬೆರಳಿನಿಂದ ಆಯಿಲ್ ಸವರಿ, ತಿರುಚದಂತೆ ಕೂರಿಸಿ, ಜಾಲರಿಯನ್ನು ಪೆಟ್ರೋಲಿನಲ್ಲಿ ತೊಳೆದು, ಚೇಂಬರಿನ ಅಂಚಿಗೆ ಗಮ್ಮನ್ನು ದಾರದೆಳೆಯಷ್ಟೇ ತೆಳುವಾಗಿ ಎಳೆದರು. ಈ ಸಲ ಆಯಿಲನ್ನು ಅಳತೆಯ ಜಗ್ಗಿನಲ್ಲಿ ಹಾಕಿದರು, ಡಬ್ಬಿಯಲ್ಲಿ ಉಳಿದದ್ದಕ್ಕೆ ಮುಚ್ಚಳ ತಿರುಗಿಸಿ ಡಿಕ್ಕಿಯಲ್ಲಿಟ್ಟರು. ಎಂಜಿನ್ ಬಿಸಿಯಾದ ಮೇಲೆ ರೇಸ್ ಕೊಟ್ಟಾಗ ಮುಳ್ಳು ಮೂರು ಬಾರ್ ದಾಟಿ ಅಲ್ಲೇ ನಿಂತಿತು.